ಒತ್ತಕ್ಷರಕ್ಕೆ ಜಾಗ ಬಿಟ್ಟು

ಮುಂಬಯಿಯಲ್ಲಿ ಕನ್ನಡದ ಕೆಲಸ ಹಿಡಿಯುವ ಗ್ರಾಫಿಕ್ ಡಿಸೈನರ್‌ಗೆ ಮಳೆಗಾಲವೇ ಸುಗ್ಗಿ. ತುಳುನಾಡಿನ ಪತ್ತನಾಜೆ ದಿನಕ್ಕೆ ಊರಿನ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಆಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಮಾಟುಂಗ, ಕುರ್ಲಾ, ಡೊಂಬಿವಲಿ ಅಂತ ಒಂದರ ಹಿಂದೊಂದು ಆಟ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಲೆ. ಪ್ರತಿ ಆಟಕ್ಕೂ ಒಂದು ಕರಪತ್ರ, ವಾಟ್ಸಾಪ್‌ಗೊಂದು ಚೌಕದ ಪೋಸ್ಟರ್, ಸಭಾಗೃಹದ ಬಾಗಿಲಿಗೊಂದು ಫ್ಲೆಕ್ಸ್. ನನ್ನ ಹೊಟ್ಟೆ ತುಂಬಿಸುವುದು ಔಷಧಿ ಡಬ್ಬಿ, ಕಂಪನಿ ಬ್ರೋಶರ್‌ಗಳು. ಕೈ ಪಳಗಿದ್ದು ಮಾತ್ರ ಈ ಕರಪತ್ರಗಳಲ್ಲಿ.

ಯಕ್ಷಗಾನದ ಕರಪತ್ರದಲ್ಲಿ ಯಾವುದನ್ನೂ ಬಿಡುವಂತಿಲ್ಲ. ಪ್ರಸಂಗದ ಹೆಸರು, ಹಿಮ್ಮೇಳ, ಮುಮ್ಮೇಳ, ಸ್ತ್ರೀವೇಷ, ಹಾಸ್ಯ, ಸಂಯೋಜಕರು, ಪ್ರಾಯೋಜಕರು, ಗೌರವಾಧ್ಯಕ್ಷರು. ಹಾಡುವ ಭಾಗವತರ ಹೆಸರು ಚೆಂಡೆಯವರ ಹೆಸರಿಗಿಂತ ಚಿಕ್ಕದಾದರೆ ರಾತ್ರಿಯೇ ಫೋನ್ ಬರುತ್ತದೆ. ನಾನು ಎಲ್ಲೋ ಒಂದಿಷ್ಟು ಖಾಲಿ ಬಿಟ್ಟಿದ್ದರೆ, "ಇಲ್ಲಿ ಜಾಗ ಉಂಟಲ್ಲ ಮಾರಾಯ್ರೆ, ಅಧ್ಯಕ್ಷರ ಫೋಟೊ ಸ್ವಲ್ಪ ದೊಡ್ಡ ಮಾಡುವ" ಎನ್ನುತ್ತಾರೆ. ವೈಟ್ ಸ್ಪೇಸ್ ಬಗ್ಗೆ ಕಾಲೇಜಿನಲ್ಲಿ ಕಲಿತ ಪಾಠ ಅವರ ಮುಂದೆ ಹೇಳಿ ಪ್ರಯೋಜನವಿಲ್ಲ. ನಾನು ಕೇಳುವುದು ಬೇರೆ ಪ್ರಶ್ನೆ: "ಚೆಂಡೆ ಎಲ್ಲ ಪದ್ಯಕ್ಕೂ ಬಾರಿಸ್ತಾರಾ?" ಶೃಂಗಾರಕ್ಕೋ ಕರುಣಕ್ಕೋ ಮದ್ದಲೆ ಸಾಕು, ವೀರ, ರೌದ್ರ ಬಂದಾಗ ಚೆಂಡೆ ಏಳುತ್ತದೆ. ಆಟ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಪತ್ರದಲ್ಲೂ ಚೆಂಡೆ ಒಂದೇ ಕಡೆ, ಪ್ರಸಂಗದ ಹೆಸರಿನಲ್ಲಿ. ಉಳಿದವರೆಲ್ಲ ಮದ್ದಲೆಯ ಮಟ್ಟದಲ್ಲಿ. ಹೆಚ್ಚಿನವರು ಒಪ್ಪುತ್ತಾರೆ, ಅಧ್ಯಕ್ಷರ ಫೋಟೊ ಹೊರತು.

ಆ ಒಂದು ಹೆಸರನ್ನು ಕೂರಿಸುವುದೇ ನಿಜವಾದ ಕೆಲಸ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರಗಳಿಲ್ಲ. ಹಾಗಾಗಿ ಎಲ್ಲ ಕ್ಯಾಪಿಟಲ್ ಮಾಡಿ, ಅಕ್ಷರ ಬಿಡಿಸಿಟ್ಟು ಗತ್ತು ತರುವ ಇಂಗ್ಲಿಷಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಟ್ರ್ಯಾಕಿಂಗ್, ಅಂದರೆ ಅಕ್ಷರಗಳ ನಡುವಿನ ಅಂತರ, ಜಾಸ್ತಿ ಕೊಟ್ಟರೆ ದೀರ್ಘ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ನಾನು ದಪ್ಪ ಮತ್ತು ಗಾತ್ರವನ್ನಷ್ಟೇ ನಂಬುತ್ತೇನೆ. 'ಶ್ವೇತಕುಮಾರ ಚರಿತ್ರೆ' ಎಂಬುದನ್ನು ಎರಡು ಸಾಲಿನಲ್ಲಿ ಇಟ್ಟು ನೋಡಿ: ಮೇಲಿನ ಸಾಲಿನಿಂದ ವ ಒತ್ತು ಇಳಿಯುತ್ತದೆ, ಕೆಳಗಿನ ಸಾಲಿನಿಂದ ಗುಡಿಸು, ಏತ್ವ ಏಳುತ್ತವೆ. ಇಂಗ್ಲಿಷಿನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಲೀಡಿಂಗ್ (ಸಾಲಿನಿಂದ ಸಾಲಿಗೆ ಇರುವ ಅಂತರ) ಸಾಕಾಗುತ್ತದೆ. ಕನ್ನಡದ ಪಠ್ಯಕ್ಕೆ ನಾನು 15ರಿಂದ ಶುರು ಮಾಡುತ್ತೇನೆ. ಶೀರ್ಷಿಕೆಯಲ್ಲಾದರೆ ಲೆಕ್ಕ ಬಿಟ್ಟು, ಒತ್ತು ಎಲ್ಲಿ ಬೀಳುತ್ತದೆಂದು ನೋಡಿ ಸಾಲನ್ನೇ ಬೇರೆ ಕಡೆ ಮುರಿಯುತ್ತೇನೆ.

ಇದಕ್ಕೂ ಮೊದಲು ಸಾಫ್ಟ್‌ವೇರ್ ಜೊತೆ ಗುದ್ದಾಟವಿದೆ. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತುಗಳೆಲ್ಲ ಬಿಡಿಬಿಡಿ. ಸಂಘದ ಹಿರಿಯರು ಇನ್ನೂ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನಲ್ಲೇ ಟೈಪ್ ಮಾಡಿ ಕಳಿಸುತ್ತಾರೆ. ಅದನ್ನು ಯುನಿಕೋಡ್‌ಗೆ ತಂದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನೆಲ್ಲ ಕೆಟ್ಟಿವೆಯೇ ಎಂದು ಒಂದೊಂದಾಗಿ ಓದುತ್ತೇನೆ. ಕಾರ್ಯದರ್ಶಿಯವರದೇ ಮೊದಲು.

ಒಂದು ತಮಾಷೆ ಹೇಳಲೇಬೇಕು. ವಿಂಡೋಸ್‌ನಲ್ಲಿ ನಾವೆಲ್ಲ ಕನ್ನಡ ಓದಿದ 'ತುಂಗಾ' ಫಾಂಟ್ ಈ ಊರಿನದೇ, ಇಲ್ಲಿನ ಅಕ್ಷರ ವಿನ್ಯಾಸಕ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ ಆದದ್ದು. ನಾನು ಈಗ ಹೆಚ್ಚು ಬಳಸುವ ಬಲೂ ತಮ್ಮ, ಅನೇಕ್ ಫಾಂಟುಗಳೂ ಮುಂಬಯಿಯ ಫಾಂಟ್ ಸಂಸ್ಥೆ ಎಕ್ ಟೈಪ್‌ನವರವು. ಬೆಂಗಳೂರಿನ ಗೆಳೆಯರ ಮುಂದೆ ಇದನ್ನು ಆಗಾಗ ಹೇಳಿ ಖುಷಿಪಡುತ್ತೇನೆ.

ಚಿತ್ರಕ್ಕೆ ಬಂದರೆ, ನನ್ನನ್ನು ಕಾಪಾಡಿದ್ದು ಕಲಾ ಗ್ಯಾಲರಿಗಳಿರುವ ಕಾಲಾ ಘೋಡಾ. ಫೋರ್ಟ್ ಕಡೆ ಕ್ಲೈಂಟ್ ಮೀಟಿಂಗ್ ಬೇಗ ಮುಗಿದರೆ ಜಹಾಂಗೀರ್ ಆರ್ಟ್ ಗ್ಯಾಲರಿಗೋ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಎನ್‌ಜಿಎಂಎಗೋ ನುಗ್ಗುತ್ತೇನೆ. ನಮ್ಮ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿದವರೂ ಹೌದು. ಕಥಕ್ ಕೂಡ ಕಲಿತಿದ್ದರು. ಅವರ ರೇಖಾಚಿತ್ರಗಳ ಮುಂದೆ ನಿಂತರೆ ಅದು ಗೊತ್ತಾಗುತ್ತದೆ. ಗೆರೆ ಎಲ್ಲಿ ನಿಂತಿತೋ ಅಲ್ಲಿ ಕಾಲು ನೆಲ ಮುಟ್ಟಿರುತ್ತದೆ. ಅವನ್ನು ನೋಡನೋಡುತ್ತ ಕರಪತ್ರದಲ್ಲಿ ವೇಷದ ಫೋಟೊ ಕತ್ತರಿಸಿ ಅಂಟಿಸುವುದನ್ನು ಬಿಟ್ಟೆ. ಈಗ ಕಿರೀಟ, ಭುಜ, ಸೊಂಟದ ತಿರುವು, ಇಷ್ಟನ್ನೇ ಬ್ರಶ್ ಪೆನ್ನಿನಲ್ಲಿ ಎಳೆದು ಸ್ಕ್ಯಾನ್ ಮಾಡುತ್ತೇನೆ. ಬಡಗುತಿಟ್ಟು ಶೈಲಿಯ ಮುಂಡಾಸೋ ತೆಂಕುತಿಟ್ಟು ಶೈಲಿಯ ಕಿರೀಟವೋ ಎಂಬುದು ಅಷ್ಟರಲ್ಲೇ ಜನಕ್ಕೆ ತಿಳಿಯುತ್ತದೆ. ಬಣ್ಣ ಎರಡು ಮಾತ್ರ, ಅಗ್ಗದ ಕಾಗದದ ಮೇಲೂ ಕೆಡುವುದಿಲ್ಲ.

ಸಂಗೀತವನ್ನು ನಾನು ಕೆಲಸ ಮಾಡುವಾಗಲೇ ಕೇಳುವುದು. ಲೇಔಟ್ ಶುರುವಿನಲ್ಲಿ ಭೀಮಸೇನ ಜೋಶಿಯವರ ನಿಧಾನ ಲಯದ ವಿಲಂಬಿತ್, ಹೆಸರುಗಳ ಪಟ್ಟಿ ತಿದ್ದುವಾಗ ಏನೂ ಇಲ್ಲ. ಹಾಡು ಕೇಳುತ್ತ ಪ್ರೂಫ್ ಓದಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇತ್ತೀಚೆಗೆ ಬೋರ್ಡಿನ ಕೆಲಸವೂ ಹೆಚ್ಚಿದೆ. 2022ರ ತಿದ್ದುಪಡಿಯ ನಂತರ ಮಹಾರಾಷ್ಟ್ರದ ಅಂಗಡಿ, ಹೋಟೆಲುಗಳ ಬೋರ್ಡಿನಲ್ಲಿ ದೇವನಾಗರಿಯ ಮರಾಠಿ ಮೊದಲು ಬರಬೇಕು, ಬೇರೆ ಲಿಪಿ ಅದಕ್ಕಿಂತ ದೊಡ್ಡದಿರಬಾರದು. ಉಡುಪಿ ಹೋಟೆಲಿನವರಿಗೆ ಕನ್ನಡವೂ ಬೇಕು. ಒತ್ತು ಸೇರಿಸಿ ಅಳೆದರೆ ಕನ್ನಡದ ಎತ್ತರ ಮಿತಿ ಮೀರುತ್ತದೆ, ಆದ್ದರಿಂದ ಮೂಲಾಕ್ಷರವನ್ನೇ ತುಸು ತಗ್ಗಿಸುತ್ತೇನೆ. ದೇವನಾಗರಿ ಶಿರೋರೇಖೆಗೆ ಜೋತುಬಿದ್ದಿರುತ್ತದೆ, ಕನ್ನಡದ ತಲೆಕಟ್ಟು ಅಕ್ಷರಕ್ಕೊಂದರಂತೆ ಬಿಡಿಬಿಡಿ. ಎರಡರ ತಲೆ ಹೊಂದಿಸಲು ಹೋದರೆ ಕನ್ನಡ ಸೊರಗಿ ಕಾಣುತ್ತದೆ. ನಾನು ಹೊಂದಿಸುವುದು ಗೆರೆಯ ದಪ್ಪವನ್ನು. ಬೋರ್ಡಿನ ಕೆಳಅಂಚಿಗೆ ಮೇಲಿಗಿಂತ ಹೆಚ್ಚು ಜಾಗ ಬಿಡುತ್ತೇನೆ.

ಅಕ್ರಿಲಿಕ್ ಕತ್ತರಿಸುವ ಹುಡುಗ ಮರಾಠಿಯವನು. 'ಶ್ರೀಕೃಷ್ಣ' ಎಂಬ ಹೆಸರಿನ ಫೈಲ್ ತೆರೆದು, ಷ ಕೆಳಗಿನ ಣ ಒತ್ತು ಬೇರೆ ತುಂಡಾ ಎಂದು ಕೇಳಿದ. ಬೇರೆಯಾದರೆ ಅದಕ್ಕೆ ಬೋರ್ಡಿಗೆ ಹಿಡಿಸುವ ಪ್ರತ್ಯೇಕ ಸ್ಟಡ್, ಒಳಗೆ ಪ್ರತ್ಯೇಕ ಎಲ್‌ಇಡಿ. ಅದು ಉದುರಿದರೆ ದೇವರ ಹೆಸರೇ ಕೆಡುತ್ತದೆ. ಷ ಬುಡದಿಂದ ಒತ್ತಿಗೆ ಒಂದು ಸಣ್ಣ ಕತ್ತು ಎಳೆದು ಎರಡನ್ನೂ ಸೇರಿಸಿದೆ. ಆ ಕತ್ತು ಎಷ್ಟು ದಪ್ಪ ಇರಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅವನಿಗೆ 8 ಮಿಲಿಮೀಟರ್ ಬೇಕು, ನನಗೆ 5.