ಸಂಗಾತಿಯ ಪುಟದ ಮೇಲೆ ಪ್ರಶ್ನೆ: ಮಲೆನಾಡಿನಲ್ಲಿ ಜಾಲತಾಣ ಸ್ಪರ್ಧೆ ನಡೆಸಿದ ನನ್ನ ಅನುಭವ

ಬೇರೆ ಬೇರೆ ತಾಲ್ಲೂಕುಗಳ ಹೈಸ್ಕೂಲು, ಪಿಯು ಮತ್ತು ಪದವಿ ವಿದ್ಯಾರ್ಥಿಗಳನ್ನು ಒಂದೇ ತಂಡಕ್ಕೆ ಸೇರಿಸಿ ಜಾಲತಾಣ ಕಟ್ಟಿಸುವ ಸ್ಪರ್ಧೆ ಶಿವಮೊಗ್ಗ ಜಿಲ್ಲೆಯಲ್ಲಿ ನಡೆಯುವ ಮಾತಲ್ಲ ಎಂದು ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಹೇಳಿದ್ದರು. ಬಿಸಿಎ ಓದುವ ಹುಡುಗನೊಬ್ಬ ಎಲ್ಲವನ್ನೂ ತಾನೇ ಬರೆದು ಮುಗಿಸುತ್ತಾನೆ, ಒಂಬತ್ತನೇ ತರಗತಿಯ ಮಕ್ಕಳು ಪ್ರಮಾಣಪತ್ರಕ್ಕಾಗಿ ಪಕ್ಕದಲ್ಲಿ ಕುಳಿತಿರುತ್ತಾರೆ, ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ ಎಂಬುದು ಅವರ ವಾದ. ಮೊದಲ ವರ್ಷ ಎಲ್ಲವೂ ಅವರು ಹೇಳಿದಂತೆಯೇ ಆಯಿತು. ಆದರೂ ಬಿಡದೆ ನಿಯಮಗಳನ್ನು ಬದಲಿಸುತ್ತ ಹೋದೆ. ಈಗ ಎರಡು ವರ್ಷಗಳಿಂದ ಸ್ಪರ್ಧೆ ನಾನು ಬಯಸಿದ ರೀತಿಯಲ್ಲಿ ನಡೆಯುತ್ತಿದೆ. ಅನುಮಾನಪಟ್ಟ ಶಿಕ್ಷಕರೇ ತಮ್ಮ ಶಾಲೆಯ ಹೆಸರು ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದಾರೆ.

ಮೂಲ ಕಲ್ಪನೆ ನನ್ನದಲ್ಲ. 1996ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, ಮುಂದೆ ಒರಾಕಲ್‌ನ ಶಿಕ್ಷಣ ಪ್ರತಿಷ್ಠಾನದ ಕೈಸೇರಿ, 2013ರಲ್ಲಿ ನಿಂತುಹೋದ ಥಿಂಕ್‌ಕ್ವೆಸ್ಟ್‌ನಲ್ಲಿ ಬೇರೆ ಬೇರೆ ದೇಶಗಳ ಮಕ್ಕಳು ಒಂದೇ ತಂಡವಾಗಿ ಜಾಲತಾಣ ಕಟ್ಟುತ್ತಿದ್ದರು. ದೇಶಗಳ ನಡುವೆ ಆಗುವುದಾದರೆ ಸೊರಬಕ್ಕೂ ತೀರ್ಥಹಳ್ಳಿಗೂ ನಡುವೆ ಏಕೆ ಆಗಬಾರದು ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಮೊದಲ ವರ್ಷದ ಲೆಕ್ಕವನ್ನು ಹೇಳಲೇಬೇಕು. ಹಣ ಕೊಟ್ಟು ಸರ್ವರ್ ಜಾಗ ಕೊಂಡು ಅದರಲ್ಲಿ ವರ್ಡ್‌ಪ್ರೆಸ್ ಎಂಬ, ಸಿದ್ಧ ನಮೂನೆಗಳಿಂದ ಜಾಲತಾಣ ಕಟ್ಟುವ ತಂತ್ರಾಂಶ ಹಾಕಿಸಿದ್ದೆವು. ಸುಮಾರು ಆರೇಳು ಸಾವಿರ ರೂಪಾಯಿ ಅದಕ್ಕೇ ಹೋಯಿತು. ಕೊನೆಯ ದಿನ ಎಲ್ಲ ತಂಡಗಳೂ ಒಟ್ಟಿಗೆ ಲಾಗಿನ್ ಆದಾಗ ಆ ಕಂಪನಿ ನಮ್ಮ ಖಾತೆಯನ್ನೇ ಸ್ಥಗಿತಗೊಳಿಸಿ, ದೊಡ್ಡ ಪ್ಯಾಕೇಜು ಕೊಂಡರೆ ಮಾತ್ರ ತೆರೆಯುತ್ತೇವೆ ಎಂದಿತು. ಹೆಚ್ಚಿನ ಹಣವನ್ನು ಕೈಯಿಂದ ಹಾಕಿದ್ದಾಯಿತು. ಸಿದ್ಧ ಥೀಮುಗಳಿಂದಾಗಿ ಎಲ್ಲ ತಾಣಗಳೂ ಒಂದೇ ಅಚ್ಚಿನಲ್ಲಿ ಬಂದಿದ್ದವು. ಗೆದ್ದ ತಂಡಕ್ಕೆ ಕೊಟ್ಟ ಹತ್ತು ಸಾವಿರದ ನಗದು ಬಹುಮಾನವನ್ನು ಮೂರು ಶಾಲಾ ಕಾಲೇಜುಗಳ ಐವರು ಹಂಚಿಕೊಳ್ಳುವ ವಿಷಯದಲ್ಲಿ ಎದ್ದ ತಕರಾರು ಪೋಷಕರವರೆಗೂ ಹೋಯಿತು. ಆ ವರ್ಷದ ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸಿನಲ್ಲಿತ್ತು. ಉಳಿದದ್ದು ಒಂದೆರಡು ಒಳ್ಳೆಯ ಪುಟಗಳು ಮಾತ್ರ.

ಪರಿಸ್ಥಿತಿಯನ್ನು ಬದಲಿಸಿದ್ದು ಒಂದು ನಿಯಮ. ತೀರ್ಪಿನ ದಿನ ಯಾವ ವಿದ್ಯಾರ್ಥಿಗೂ ಅವರದೇ ಪುಟದ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ತಂಡದ ಇನ್ನೊಬ್ಬರ ಪುಟದ ಬಗ್ಗೆ ಮಾತ್ರ ಕೇಳುತ್ತೇವೆ. ಯಾರಿಗೆ ಯಾರ ಪುಟ ಎಂಬುದು ಆ ಕ್ಷಣದಲ್ಲಿ ಚೀಟಿ ಎತ್ತಿದಾಗಲೇ ತಿಳಿಯುತ್ತದೆ. ಒಟ್ಟು ಅಂಕಗಳಲ್ಲಿ ಅರ್ಧದಷ್ಟು ಈ ಉತ್ತರಗಳಿಗೇ ಮೀಸಲು. ಬಿಸಿಎ ಹುಡುಗ ಎಷ್ಟೇ ಚೆಂದದ ಕೋಡ್ ಬರೆದಿರಲಿ, ಅದನ್ನು ಒಂಬತ್ತನೇ ತರಗತಿಯ ಹುಡುಗಿ ಸಾಲು ಸಾಲಾಗಿ ವಿವರಿಸದಿದ್ದರೆ ಇಡೀ ತಂಡಕ್ಕೆ ನಷ್ಟ. ಅದೇ ರೀತಿ ಆ ಹುಡುಗಿ ತನ್ನ ಊರಿನ ಬಗ್ಗೆ ಬರೆದ ವಿಷಯವನ್ನು ಬಿಸಿಎ ಹುಡುಗ ಓದಿ ತಿಳಿದುಕೊಳ್ಳದೆ ಗತ್ಯಂತರವಿಲ್ಲ. ಈ ನಿಯಮ ಬಂದ ಮೇಲೆ ದೊಡ್ಡವರು ಚಿಕ್ಕವರಿಗೆ ಹೇಳಿಕೊಡಿ ಎಂದು ನಾನು ಯಾರಿಗೂ ಉಪದೇಶ ಮಾಡಬೇಕಾಗಿ ಬರಲಿಲ್ಲ. ಚಾಟ್‌ಜಿಪಿಟಿಯಿಂದ ಕೋಡ್ ತರುವ ಕಾಲದಲ್ಲಂತೂ ಇದರ ಬೆಲೆ ಇನ್ನೂ ಹೆಚ್ಚಾಗಿದೆ. ಎಲ್ಲಿಂದ ತಂದರು ಎಂದು ನಾವು ವಿಚಾರಿಸುವುದಿಲ್ಲ, ಸಂಗಾತಿಗೆ ಅರ್ಥವಾಗಿದೆಯೇ ಎಂದಷ್ಟೇ ನೋಡುತ್ತೇವೆ. ಚೀಟಿಯಲ್ಲಿ ಪುಟದ ಹೆಸರಿನ ಜೊತೆಗೆ ಇನ್ನೊಂದು ಸಣ್ಣ ಕೆಲಸವನ್ನೂ ಬರೆದಿರುತ್ತೇನೆ. ಅದು ಏನೆಂಬುದನ್ನು ಇಲ್ಲಿ ಹೇಳಿದರೆ ಮುಂದಿನ ವರ್ಷದ ತಂಡಗಳು ಅಭ್ಯಾಸ ಮಾಡಿಕೊಂಡು ಬರುತ್ತವೆ, ಆದ್ದರಿಂದ ಬರೆಯುವುದಿಲ್ಲ.

ಎರಡನೆಯ ಬದಲಾವಣೆ ನೆಟ್‌ವರ್ಕಿನ ಹಂಗನ್ನು ಬಿಟ್ಟದ್ದು. ವರ್ಡ್‌ಪ್ರೆಸ್ ತೆಗೆದುಹಾಕಿ, ಪುಟದ ವಿಷಯಕ್ಕೆ ಎಚ್‌ಟಿಎಂಎಲ್, ವಿನ್ಯಾಸಕ್ಕೆ ಸಿಎಸ್‌ಎಸ್ ಎಂಬ ಸಂಕೇತ ಭಾಷೆಗಳಲ್ಲಿ ಮಾತ್ರ ಕೈಯಾರೆ ಬರೆಯಬೇಕು, ಒಂದು ಫೈಲಿಗೆ ಒಬ್ಬರೇ ಜವಾಬ್ದಾರರು, ವಿನ್ಯಾಸದ ಫೈಲು ಮಾತ್ರ ಎಲ್ಲರಿಗೂ ಸಾಮಾನ್ಯ ಎಂದು ಗೊತ್ತುಮಾಡಿದೆವು. ಹಲವರು ಮಾಡಿದ ತಿದ್ದುಪಡಿಗಳನ್ನು ಒಂದುಗೂಡಿಸುವ ಗಿಟ್ ಎಂಬ ತಂತ್ರಾಂಶವನ್ನು ಕಲಿಸಲು ನೋಡಿದ್ದೆವು. ಇಬ್ಬರು ಒಂದೇ ಫೈಲನ್ನು ತಿದ್ದಿದಾಗ ಬರುವ ಸಂಘರ್ಷವನ್ನು ಬಿಡಿಸುವುದರಲ್ಲೇ ಮಕ್ಕಳ ದಿನವೆಲ್ಲ ಕಳೆಯುತ್ತಿತ್ತು. ಪೆನ್‌ಡ್ರೈವ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅದಕ್ಕೆ ಮುಂಚೆ ತುಮರಿ ಕಡೆಯ ವಿದ್ಯಾರ್ಥಿಗಳು ಲಾಂಚಿನ ಸಮಯ ನೋಡಿಕೊಂಡು ಆ ಹಿನ್ನೀರನ್ನು ದಾಟಿ ಸಾಗರಕ್ಕೆ ಪೆನ್‌ಡ್ರೈವ್ ತಲುಪಿಸುತ್ತಿದ್ದರು. ಆ ತಂಡ ಲಾಂಚಿನ ಬಗ್ಗೆಯೇ ತಾಣ ಕಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು ಬಿಟ್ಟ ಹಿರಿಯರ ಮಾತುಗಳನ್ನು ಅವರು ಫೋನಿನಲ್ಲಿ ಧ್ವನಿಮುದ್ರಿಸಿ ಸೇರಿಸಿದ್ದು ನಾನು ಕಂಡ ಪುಟಗಳಲ್ಲೇ ಶ್ರೇಷ್ಠವಾದದ್ದು.

ಎಲ್ಲ ಸಿದ್ಧವಾದ ಮೇಲೆ ತಾಣಗಳನ್ನು ಇಂಟರ್ನೆಟ್ಟಿನಲ್ಲಿ ಇರಿಸುವ ಗಿಟ್‌ಹಬ್ ಪೇಜಸ್ ಎಂಬ ಸೇವೆಗೆ ಏರಿಸುತ್ತೇವೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಅಲ್ಲಿ ಎರಡು ತೊಂದರೆಗಳು ಪ್ರತಿ ವರ್ಷವೂ ಎದುರಾಗುತ್ತವೆ. ಮೊದಲನೆಯದು ಫೈಲಿನ ಹೆಸರು. ವಿಂಡೋಸ್ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಮಾಡುವುದಿಲ್ಲ, ಗಿಟ್‌ಹಬ್ ಮಾಡುತ್ತದೆ. ಲ್ಯಾಬಿನಲ್ಲಿ ಸರಿಯಾಗಿ ಕಾಣುತ್ತಿದ್ದ ಚಿತ್ರಗಳೆಲ್ಲ ಏರಿಸಿದ ಕೂಡಲೇ ಮಾಯವಾಗುತ್ತವೆ, ಏಕೆಂದರೆ ಕ್ಯಾಮೆರಾ ಕೊಟ್ಟ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂಬುದು ದೊಡ್ಡಕ್ಷರದಲ್ಲಿದ್ದು, ಮಕ್ಕಳು ಪುಟದಲ್ಲಿ ಅದನ್ನು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಎಲ್ಲ ಹೆಸರುಗಳೂ ಸಣ್ಣಕ್ಷರದಲ್ಲೇ ಇರಬೇಕು, ನಡುವೆ ಜಾಗ ಬಿಡಬಾರದು ಎಂದು ಮೊದಲ ದಿನವೇ ಹಲಗೆಯ ಮೇಲೆ ಬರೆಯುವುದು ಈಗ ರೂಢಿಯಾಗಿದೆ. ಎರಡನೆಯದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಗಳು. ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ ತಂದ ಬರಹ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇರುವುದಿಲ್ಲವಾದ್ದರಿಂದ ಬ್ರೌಸರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಪರಿವರ್ತಕದಲ್ಲಿ ಹಾಯಿಸಿದರೂ ನಮ್ಮ ಕಡತಗಳಲ್ಲಿ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು. ಈಗ ಫೋನಿನಲ್ಲೇ ನೇರವಾಗಿ ಟೈಪು ಮಾಡಿಸುತ್ತೇವೆ; ಮಕ್ಕಳ ಬೆರಳು ಅಲ್ಲಿ ನಮಗಿಂತ ಚುರುಕು.

ಕರೆಂಟು ಹೋದಾಗಲೂ ತೀರ್ಪು ನಿಲ್ಲಬಾರದೆಂದು ಮಾಡಿದ ಒಂದು ಪ್ರಯೋಗವೂ ಫಲ ಕೊಟ್ಟಿತು. ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ, ಸಾವಿರ ಚಿಲ್ಲರೆಯ ಒಂದು ವೈಫೈ ರೂಟರನ್ನು ಇನ್ವರ್ಟರಿಗೆ ಜೋಡಿಸಿದರೆ, ಇಂಟರ್ನೆಟ್ ಇಲ್ಲದಿದ್ದರೂ ಕೋಣೆಯಲ್ಲಿರುವ ಎಲ್ಲ ಫೋನುಗಳಲ್ಲೂ ತಾಣಗಳು ತೆರೆಯುತ್ತವೆ. ಆದರೆ ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ತಿಳಿದ ಫೋನು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹೊರಳುವುದರಿಂದ, ಡೇಟಾ ಆಫ್ ಮಾಡಿದ ಮೇಲಷ್ಟೇ ಪುಟ ಬರುತ್ತದೆ. ಇದನ್ನು ಕಂಡುಕೊಳ್ಳಲು ನಮಗೆ ಒಂದು ಮಧ್ಯಾಹ್ನವೇ ಬೇಕಾಯಿತು.

ಹೊಸನಗರ ಮತ್ತು ಭದ್ರಾವತಿಯ ವಿದ್ಯಾರ್ಥಿಗಳು ಸೇರಿ ಅಡಿಕೆಯ ಕೊಳೆರೋಗದ ಬಗ್ಗೆ ಕಟ್ಟಿದ ತಾಣದ ವಿಷಯವನ್ನೂ ಹೇಳಬೇಕು. ಈ ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ತೋಟದವರಿಗೆಲ್ಲ ಗೊತ್ತು. ಬ್ಯಾರಲ್ಲಿನ ಅಳತೆ ಹಾಕಿದರೆ ಎರಡರ ತೂಕವನ್ನೂ ಹೇಳುವ ಸಣ್ಣ ಲೆಕ್ಕಪೆಟ್ಟಿಗೆಯನ್ನು ಆ ತಂಡ ಪುಟದೊಳಗೆ ಲೆಕ್ಕ ಮಾಡಿಸುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮಾಡಿತು. ಒಬ್ಬ ಹುಡುಗಿಯ ಅಜ್ಜ ೨೦೦ ಎಂದು ಕನ್ನಡ ಅಂಕಿಯಲ್ಲಿ ಹಾಕಿದಾಗ ಉತ್ತರ ಬರಲಿಲ್ಲ, ಏಕೆಂದರೆ ಜಾವಾಸ್ಕ್ರಿಪ್ಟ್ ಕನ್ನಡ ಅಂಕಿಗಳನ್ನು ಸಂಖ್ಯೆಯೆಂದು ಗಣಿಸುವುದಿಲ್ಲ. ಅವನ್ನು ಒಂದೊಂದಾಗಿ ಬದಲಿಸುವ ನಾಲ್ಕೈದು ಸಾಲುಗಳನ್ನು ಪಿಯು ಹುಡುಗ ಬರೆದ. ತೀರ್ಪಿನ ದಿನ ಆ ಸಾಲುಗಳನ್ನು ವಿವರಿಸುವ ಚೀಟಿ ಅದೇ ಹುಡುಗಿಗೆ ಬಂತು, ಅವಳು ತಡವರಿಸದೆ ವಿವರಿಸಿದಳು. ನನ್ನ ನಿಯಮದ ಬಗ್ಗೆ ಅಂದು ಯಾರೂ ಮಾತೆತ್ತಲಿಲ್ಲ.

ಈಗಿನ ಖರ್ಚು ಹದಿನೈದು ಹದಿನಾರು ಸಾವಿರಕ್ಕೆ ಇಳಿದಿದೆ. ಅದರಲ್ಲಿ ದೊಡ್ಡ ಪಾಲು ಬಸ್ಸಿನದು. ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣವಿಲ್ಲ, ನಿಜ. ಆದರೆ ತೀರ್ಥಹಳ್ಳಿ, ಹೊಸನಗರದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಊಟವನ್ನು ಸ್ಥಳೀಯ ಸಹಕಾರ ಸಂಘವೊಂದು ವಹಿಸಿಕೊಂಡಿದೆ. ನಗದು ಬಹುಮಾನವನ್ನು ಪೂರ್ತಿ ನಿಲ್ಲಿಸಿದ್ದೇವೆ. ಅದರ ಬದಲು ಗೆದ್ದ ತಾಣಕ್ಕೆ ಇಂಟರ್ನೆಟ್ಟಿನಲ್ಲಿ ಸ್ವಂತ ವಿಳಾಸ (ಡೊಮೈನ್ ಹೆಸರು) ಕೊಂಡು ಐದು ವರ್ಷಗಳ ಶುಲ್ಕ ಕಟ್ಟುತ್ತೇವೆ. ವರ್ಷಕ್ಕೆ ಏಳೆಂಟು ನೂರರ ಹಾಗೆ ನಾಲ್ಕು ಸಾವಿರದೊಳಗೆ ಮುಗಿಯುತ್ತದೆ. ನೋಂದಣಿಯನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಮಾಡದೆ, ತಂಡದಲ್ಲಿರುವ ಹೈಸ್ಕೂಲಿನ ಹೆಸರಿನಲ್ಲಿ ಮಾಡಿಸಿ, ಪಾಸ್‌ವರ್ಡನ್ನು ಮೊಹರು ಹಾಕಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇವೆ. ಪದವಿ ವಿದ್ಯಾರ್ಥಿ ಬೆಂಗಳೂರಿಗೆ ಹೋದ ಮೇಲೂ ಲಾಂಚಿನ ತಾಣಕ್ಕೆ ಈ ವರ್ಷದ ಎಂಟನೇ ತರಗತಿಯವರು ಸೇತುವೆಯ ಪುಟವನ್ನು ಸೇರಿಸಲು ಸಾಧ್ಯವಾದದ್ದು ಇದರಿಂದಲೇ.