ಹೆಸರು ಬಿಟ್ಟು ಹೊಲ ಹಿಡಿದೆ: ಟಿಪರರಿಯ ಮುತ್ತಜ್ಜ ಸಿಕ್ಕಿದ್ದು ಹೀಗೆ

ಹೋದ ತಿಂಗಳು ಚಿಕ್ಕಮಾವ ಫೋನ್ ಮಾಡಿ, "ವಂಶವೃಕ್ಷ ತಿದ್ದಿದ್ದೇನೆ, ನೀನು ಹೇಳಿದ್ದೇ ಸರಿ" ಅಂದರು. ನಮ್ಮ ಯಜಮಾನರ ಮುತ್ತಜ್ಜ ಯಾರ ಮಗ ಅನ್ನೋದು ನಮ್ಮಿಬ್ಬರ ತಕರಾರು, ಈ ಮಾತಿಗೆ ಆರು ವರ್ಷ ಕಾದಿದ್ದೆ. ಐರ್ಲೆಂಡಿನ ಮನೆತನ ಹುಡುಕೋ ಕೆಲಸಕ್ಕೆ ಇಳಿದಿರುವ ನಮ್ಮವರು ಈಗ ನಾಲ್ಕಾರು ಜನ ಇದ್ದೀರಿ. ಗ್ರಿಫಿತ್ (ಹತ್ತೊಂಬತ್ತನೇ ಶತಮಾನದ ನಡುವಿನ ಹೊಲ ಮನೆಗಳ ಕಂದಾಯ ಪಟ್ಟಿ), ಜನಗಣತಿ, ಚರ್ಚಿನ ಪುಸ್ತಕ ಎಲ್ಲ ನಿಮಗೆ ಗೊತ್ತಿರೋದೇ. ಅದನ್ನು ವಿವರಿಸೋಕೆ ಹೋಗಲ್ಲ. ಎಲ್ಲಿ ಎಡವಿದೆ, ಎಷ್ಟು ಖರ್ಚಾಯ್ತು, ಯಾವ ದಾರಿ ಕೈ ಹಿಡಿಯಿತು, ಅಷ್ಟು ಹೇಳುತ್ತೇನೆ.

ನಮ್ಮ ಯಜಮಾನರ ಊರು ಟಿಪರರಿ ಕೌಂಟಿಯಲ್ಲಿ, ಸ್ಲೀವ್ ಫೀಲಿಮ್ ಬೆಟ್ಟಗಳ ಕಡೆ. ಮನೆತನ ರಯಾನ್. ಅವರ ಮುತ್ತಜ್ಜ ರೈತ, ಜೊತೆಗೆ ಹರ್ಲಿಂಗ್ (ಕೋಲು ಚೆಂಡಿನ ಐರಿಷ್ ಆಟ) ಆಟಗಾರ. ಅವರದ್ದು ಅಂತ ಮನೆಯಲ್ಲಿ ಉಳಿದದ್ದು ಮೂರೇ. ಒಂದು ಪುಟ್ಟ ಬೆಳ್ಳಿ ಮೆಡಲ್, ಅಟ್ಟದ ಮೇಲೆ ಒಂದು ಮುರಿದ ಹರ್ಲಿ (ಆ ಆಟದ ಕೋಲು), ಮತ್ತೆ ಒಂದು ಮಾತು: "ಅಜ್ಜ ಇದೇ ಹೊಲದಲ್ಲಿ ಹುಟ್ಟಿದವರು, ಟಿಪರರಿಗೆ ಆಡಿ ಆಲ್ ಐರ್ಲೆಂಡ್ ಗೆದ್ದವರು." ಆಲ್ ಐರ್ಲೆಂಡ್ ಅಂದರೆ ಕೌಂಟಿ ಕೌಂಟಿ ಸೆಣಸುವ ದೇಶಮಟ್ಟದ ಪಂದ್ಯಾವಳಿ. ಆ ಮಾತಿನಲ್ಲಿ ಎರಡೂ ತಪ್ಪು ಅಂತ ಈಗ ಗೊತ್ತಾಗಿದೆ. ಮನೆಯವರ ಹೆಸರು, ಊರಿನ ಹೆಸರು ಬರೆಯಬೇಡ ಅಂತ ಮಾವ ಹೇಳಿದ್ದಾರೆ, ಹಾಗಾಗಿ ಬರೆಯಲ್ಲ.

ಆ ಸೀಮೆಯಲ್ಲಿ ರಯಾನ್ ಮನೆ ಎಲ್ಲಿ ಅಂತ ಕೇಳೋದು, ಮಂಡ್ಯದಲ್ಲಿ ಗೌಡರ ಮನೆ ಎಲ್ಲಿ ಅಂತ ಕೇಳಿದ ಹಾಗೆ. ಒಂದೇ ಟೌನ್‌ಲ್ಯಾಂಡಿನಲ್ಲಿ (ಕಂದಾಯ ದಾಖಲೆಯಲ್ಲಿ ಊರಿನ ಅತಿ ಚಿಕ್ಕ ಭಾಗ) ಐದು ಮನೆ ರಯಾನ್, ಅದರಲ್ಲಿ ಮೂರು ಯಜಮಾನರಿಗೆ ಒಂದೇ ಹೆಸರು. ಅದಕ್ಕೇ ಊರಿನವರು ಅಡ್ಡಹೆಸರು ಸೇರಿಸಿ ಕರೀತಾರೆ. ರಯಾನ್ ಬಾನ್ ಅಂದರೆ ಬೆಳ್ಳಗಿನವರು, ರಯಾನ್ ರೋ ಅಂದರೆ ಕೆಂಗೂದಲಿನವರು, ರಯಾನ್ ಓಗ್ ಅಂದರೆ ಕಿರಿಯವರು. ನಮ್ಮಲ್ಲಿ ದೊಡ್ಮನೆಯವರು, ತೋಟದ ಮನೆಯವರು ಅನ್ನೋ ಹಾಗೆ. ಸರ್ಕಾರದ ಪುಸ್ತಕದಲ್ಲೂ ಹೆಸರಿನ ಪಕ್ಕ ಕಂಸದಲ್ಲಿ ಇದನ್ನು ಬರೆದಿರುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ.

ಚಿಕ್ಕಮಾವ ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದವರು. ಹಣ ತೆಗೆದುಕೊಂಡು ಹುಡುಕಿಕೊಡುವವರೊಬ್ಬರಿಗೆ 650 ಯೂರೋ ಆಸುಪಾಸು ಕೊಟ್ಟಿದ್ದರು. ಹದಿನಾಲ್ಕು ಪುಟದ ವರದಿ ಬಂತು. ಗ್ರಿಫಿತ್‌ನಲ್ಲಿ ಆ ಹೊಲ ಒಬ್ಬ ರಯಾನ್ ಹೆಸರಲ್ಲಿದೆ, 1901ರಲ್ಲಿ ನಮ್ಮ ಮುತ್ತಜ್ಜನ ಹೆಸರಲ್ಲಿದೆ, ಆದ್ದರಿಂದ ಇವರು ಅವರ ಮಗ. ಅಲ್ಲಿಗೆ ಮುಗೀತು. ಮಕ್ಕಳ ಜನನ ದಾಖಲೆಯಲ್ಲಿ ತಾಯಿಯ ತವರಿನ ಹೆಸರೂ ರಯಾನ್ ಅಂತಲೇ ಇತ್ತು. ಗುಮಾಸ್ತ ತಪ್ಪಿ ಗಂಡನ ಹೆಸರು ಬರೆದಿದ್ದಾನೆ ಅಂತ ವರದಿಯಲ್ಲಿ ಒಂದು ಸಾಲು ಬರೆದು ದಾಟಿಬಿಟ್ಟಿದ್ದರು. ಎಂಟು ಮಕ್ಕಳಿಗೂ ಅದೇ ತಪ್ಪಾಗುತ್ತಾ? ನನಗೆ ಅಲ್ಲೇ ಸಂಶಯ ಬಂದಿತ್ತು.

ಸಂಶಯ ಬಂದರೂ ಮೊದಲ ಎರಡು ವರ್ಷ ನಾನೂ ಹೆಸರಿನ ಹಿಂದೆಯೇ ಓಡಿದೆ. ಜನನ, ಮದುವೆ ದಾಖಲೆಗಳ ಐದು ಯೂರೋದ ಪ್ರತಿಗಳು ಒಂದು ಹನ್ನೆರಡು ತರಿಸಿದೆ, ಹತ್ತು ಬೇರೆ ಯಾರದ್ದೋ. ಇಪ್ಪತ್ತು ಯೂರೋದ ಪೂರ್ತಿ ಸರ್ಟಿಫಿಕೇಟ್ ಎರಡು, ಎರಡೂ ದಂಡ. ಮಾವನಿಗೂ ಯಜಮಾನರಿಗೂ ಡಿಎನ್ಎ ಪರೀಕ್ಷೆ ಮಾಡಿಸಿದೆ, 160 ಯೂರೋ ಹೋಯಿತು. ನೂರಾರು ಹೊಂದಿಕೆ ಬಂದವು, ಎಲ್ಲ ರಯಾನ್, ಡ್ವಯರ್, ರಯಾನ್. ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾದ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ. ಆ ಬೆಟ್ಟದ ಕಡೆಯವರು ಯಾರಾದರೂ ಡಿಎನ್ಎಗೆ ದುಡ್ಡು ಹಾಕೋ ಯೋಚನೆ ಮಾಡಿದ್ದರೆ, ಮೊದಲು ಹೊಲದ ದಾಖಲೆ ನೋಡೋ ಕೆಲಸ ಮುಗಿಸಿ.

ನಮ್ಮಜ್ಜ ಶಾನುಭೋಗರಾಗಿದ್ದವರು. ಜಮೀನಿನ ತಕರಾರು ಬಂದರೆ ಹೆಸರು ಕೇಳುತ್ತಿರಲಿಲ್ಲ, ಮೊದಲು ಚಕ್ಕುಬಂದಿ ಕೇಳುತ್ತಿದ್ದರು. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾರದ್ದು, ಕಂದಾಯ ಎಷ್ಟು. ಒಂದು ಸಲ ಊರಿಗೆ ಹೋದಾಗ ಅಪ್ಪನ ಪಹಣಿ ತಿದ್ದುಪಡಿಗೆ ಓಡಾಡುತ್ತಾ ಇದು ನೆನಪಾಯಿತು. ಐರ್ಲೆಂಡಿನಲ್ಲೂ ಮ್ಯುಟೇಶನ್ ಪುಸ್ತಕ ಇದೆ ಅಲ್ವಾ! ಗ್ರಿಫಿತ್ ಆದ ಮೇಲೆ ಪ್ರತಿ ಹೊಲದ ಬದಲಾವಣೆಯನ್ನು ಬಣ್ಣದ ಶಾಯಿಯಲ್ಲಿ ಗೀಚಿಟ್ಟ ರಿವಿಷನ್ ಪುಸ್ತಕಗಳು. ಚಿಕ್ಕಮಾವನಿಗೆ ಹೇಳಿದೆ. "ಅದರಲ್ಲೂ ರಯಾನ್ ಅಂತಲೇ ಇರುತ್ತೆ, ನಿನಗೇನು ಸಿಗುತ್ತೆ?" ಅಂದರು. ಇಲ್ಲಿನ ಅನುಭವಸ್ಥರು ಇಬ್ಬರು ಕೂಡ ಅದನ್ನೇ ಹೇಳಿದರು.

2019ರ ನವೆಂಬರ್‌ನಲ್ಲಿ ಡಬ್ಲಿನ್‌ಗೆ ಹೋಗಿ, ವ್ಯಾಲ್ಯುಯೇಷನ್ ಕಚೇರಿಯಲ್ಲಿ ಆ ಟೌನ್‌ಲ್ಯಾಂಡಿನ ಪುಸ್ತಕ ತೆಗೆಸಿದೆ. ಮೊದಲ ದಿನ ಬರಿಗೈ. ಯಾಕೆಂದರೆ ಹೊಲದ ನಂಬರ್ 7 ಅಂತ ಹಿಡಿದು ಹೋದೆ. ನಡುವೆ ಯಾವಾಗಲೋ ನಂಬರ್ ಬದಲಾಗಿ ನಮ್ಮ 7 ಹೋಗಿ 5 ಆಗಿತ್ತು, 7ರಲ್ಲಿ ಬೇರೊಬ್ಬ ರಯಾನ್ ಕೂತಿದ್ದ. ಎರಡನೇ ದಿನ ಅಜ್ಜನ ಹಾಗೆ ಮಾಡಿದೆ. ಒಂದು ಹಾಳೆಯ ನಡುವೆ ಚೌಕ ಬರೆದು, ನಾಲ್ಕೂ ಕಡೆ ಅಕ್ಕಪಕ್ಕದವರ ಹೆಸರು, ಒಳಗೆ ವಿಸ್ತೀರ್ಣ, ಕಂದಾಯದ ಲೆಕ್ಕ ಬರೆದುಕೊಂಡೆ. ಹೆಸರು ಬದಲಾಗುತ್ತೆ, ನಂಬರ್ ಬದಲಾಗುತ್ತೆ. ಜಮೀನಿನ ವ್ಯಾಲ್ಯುಯೇಷನ್ ಪೌಂಡು ಶಿಲಿಂಗು ಮಾತ್ರ ಎಷ್ಟೋ ದಶಕ ಹಾಗೇ ಇರುತ್ತೆ. ಅದನ್ನು ಹಿಡಿದು ಪುಟ ಪುಟ ಬಂದೆ.

ಆ ಪುಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಳೇ ಹೆಸರು ಕಪ್ಪು ಶಾಯಿಯಲ್ಲಿ, ಪಕ್ಕ ಕಂಸದಲ್ಲಿ ಬಾನ್. ಅದರ ಮೇಲೆ ಕೆಂಪು ಗೀಟು. ಗೀಟಿನ ಮೇಲ್ಗಡೆ ಅದೇ ಕೆಂಪಿನಲ್ಲಿ, ಇಕ್ಕಟ್ಟಾಗಿ, ನಮ್ಮ ಮುತ್ತಜ್ಜನ ಹೆಸರು. ಪಕ್ಕದ ಕಂಸದಲ್ಲಿ ರೋ. ಅಂಚಿನಲ್ಲಿ 91 ಅಂತ ವರ್ಷ. ಕೆಳಗೆ ಮುಂದೊಂದು ವರ್ಷ ಜಮೀನ್ದಾರನ ಹೆಸರು ಹೊಡೆದು, ಜಮೀನು ಸ್ವಂತಕ್ಕೆ ಕೊಂಡದ್ದಕ್ಕೆ ಹಾಕುವ ಎಲ್.ಎ.ಪಿ. ಮುದ್ರೆ.

ಬಾನ್ ಮನೆಯ ಮಗ ಬಾನ್ ಆಗಬೇಕು. ರೋ ಹೇಗಾದ? ಗುಮಾಸ್ತ ಎಂಟು ಸಲವೂ ಸರಿಯಾಗೇ ಬರೆದಿದ್ದ. ಹೆಂಡತಿಯೂ ರಯಾನ್, ಬೇರೆ ರಯಾನ್. ಹೊಲ ಆಕೆಯ ಅಪ್ಪನದ್ದು. ನಮ್ಮ ಮುತ್ತಜ್ಜ ಮನೆ ಅಳಿಯ! ಐರಿಷ್ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತೇ ಇದೆ, ಕ್ಲೀವನ್ ಇಷ್ಟ್ಯಾಕ್ ಅಂತ, ಒಳಗೆ ಬಂದ ಅಳಿಯ. ಆ ಸಂಜೆ ರೈಲಿನಲ್ಲಿ ಕೂತು ಮಾವನಿಗೆ ಫೋನ್ ಮಾಡಿದಾಗ ನನ್ನ ಗಂಟಲು ಕಟ್ಟಿಕೊಂಡಿತ್ತು.

ಮದುವೆ ದಾಖಲೆ ಹತ್ತೇ ನಿಮಿಷದಲ್ಲಿ ಸಿಕ್ಕಿತು. 1888ರ ಫೆಬ್ರವರಿ, ಲೆಂಟ್ ಉಪವಾಸ ಶುರುವಾಗೋ ಮುಂಚಿನ ವಾರ. ಆಗಿನ ರೈತರ ಮದುವೆ ಹೆಚ್ಚಾಗಿ ಆ ದಿನಗಳಲ್ಲೇ. ಹುಡುಗಿಯ ಚರ್ಚಿನಲ್ಲಿ ಆದ ಮದುವೆ, ಹುಡುಗನ ಊರು ಪಕ್ಕದ ಪ್ಯಾರಿಷ್, ಅಂದರೆ ಪಕ್ಕದ ಚರ್ಚಿನ ವ್ಯಾಪ್ತಿ. ಆದರೆ ಚಿಕ್ಕಮಾವ ಒಪ್ಪಲಿಲ್ಲ. "ರಯಾನ್‌ಗೆ ರಯಾನ್ ಮದುವೆಯಾದವರು ಎಷ್ಟು ಜನ ಬೇಕು ನಿನಗೆ? ಇದು ಅವರೇ ಅಂತ ಏನು ಗ್ಯಾರಂಟಿ?" ಅವರ ಪ್ರಶ್ನೆ ನ್ಯಾಯವಾದದ್ದೇ.

ಆಗ ಹರ್ಲಿಂಗ್ ಕಡೆ ತಿರುಗಿದೆ. ಹಳೇ ಪತ್ರಿಕೆಗಳನ್ನು ಆನ್‌ಲೈನ್ ನೋಡೋಕೆ ಎರಡು ತಿಂಗಳ ಚಂದಾ ಕಟ್ಟಿದೆ, 60 ಯೂರೋ ಇರಬೇಕು. ನೀನಾ ಗಾರ್ಡಿಯನ್ ಪತ್ರಿಕೆಯಲ್ಲಿ ಒಂದು ತಿಂಗಳು ಹುಡುಕಿ ಸೋತೆ. ಮಿಡ್‌ಲ್ಯಾಂಡ್ ಟ್ರಿಬ್ಯೂನ್‌ನಲ್ಲಿ ಆಟದ ಸುದ್ದಿ ಜಾಸ್ತಿ. ಚಿಕ್ಕಮಾವ ಈ ಪ್ಯಾರಿಷಿನ ತಂಡವನ್ನಷ್ಟೇ ನೋಡಿದ್ದರು. ನಾನು ಪಕ್ಕದ ಪ್ಯಾರಿಷಿನದ್ದು ನೋಡಿದೆ. ಥರ್ಲಸ್‌ನಲ್ಲಿ ಜಿಎಎ, ಅಂದರೆ ಹರ್ಲಿಂಗ್ ನಡೆಸುವ ಸಂಘ, ಹುಟ್ಟಿದ್ದು 1884ರ ನವೆಂಬರ್ 1ಕ್ಕೆ. ಮೂರು ವರ್ಷ ಆಗೋದರೊಳಗೆ, 1887ರ ಬೇಸಿಗೆಯಲ್ಲಿ, 21 ಜನರ ತಂಡದ ಪಟ್ಟಿಯಲ್ಲಿ ನಮ್ಮವರ ಹೆಸರು ಬಂದಿದೆ, ಪಕ್ಕದಲ್ಲಿ ರೋ ಅಂತ. ಆಗ ಒಂದು ಕಡೆಗೆ 21 ಜನ, 15 ಆಗಿದ್ದು 1913ರಲ್ಲಿ. ಪಟ್ಟಿ ಉದ್ದ ಇದ್ದದ್ದು ನಮ್ಮ ಪುಣ್ಯ. ಸವೆದ ಅಚ್ಚಿನ ಆ ಪುಟಗಳಲ್ಲಿ ರಯಾನ್ ಅಂತ ಕೊಟ್ಟರೆ ಏನೂ ಸಿಗಲ್ಲ. ಯಾವ ಪದ ಕೊಟ್ಟು ಹುಡುಕಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ, ಇನ್ನೊಂದು ಮನೆತನದ ಕೆಲಸ ನಡೀತಿದೆ.

ಮೆಡಲ್ ವಿಷಯ. ಆಗ ಕೌಂಟಿಯೊಳಗೆ ಗೆದ್ದ ಕ್ಲಬ್ಬೇ ಹೆಚ್ಚುಕಡಿಮೆ ಕೌಂಟಿಯ ತಂಡ. ಹಾಗಾಗಿ ಪರೀಕ್ಷೆ ಸುಲಭ. ಮೊದಲ ಆಲ್ ಐರ್ಲೆಂಡ್ ಫೈನಲ್ ಬರ್‌ನಲ್ಲಿ ಆಡಿದ್ದು 1888ರ ಏಪ್ರಿಲ್ 1, ಮುತ್ತಜ್ಜನ ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಗೆದ್ದದ್ದು ಥರ್ಲಸ್. ಆಮೇಲೆ 1895, 96, 98ರಲ್ಲಿ ಟಬರಡೋರಾ, 1899ರಲ್ಲಿ ಹಾರ್ಸ್ ಅಂಡ್ ಜಾಕಿ, 1900ರಲ್ಲಿ ಟೂ ಮೈಲ್ ಬೋರಿಸ್. ಆ ಪಟ್ಟಿಗಳಲ್ಲಿ ಇವರಿಲ್ಲ. ಮೆಡಲ್ ಯಾವುದೋ ಟೂರ್ನಮೆಂಟಿನದ್ದು. ಬೆಳ್ಳಿ ಮುದ್ರೆಯ ವರ್ಷದ ಅಕ್ಷರ ಅರ್ಧ ಸವೆದಿದೆ. ಮಾವನಿಗೆ ಇದನ್ನು ಹೇಳೋಕೆ ನನಗೆ ಸಂಕಟವಾಯಿತು. ಅವರು 21 ಜನರ ಪಟ್ಟಿ ಓದಿ, ಅದನ್ನೇ ಫ್ರೇಮ್ ಹಾಕಿಸಿದರು.

ಮುರಿದ ಹರ್ಲಿಯನ್ನೂ ಬಿಡಲಿಲ್ಲ. ಹರ್ಲಿ ಮಾಡುವವರೊಬ್ಬರಿಗೆ ತೋರಿಸಿದೆ. ಆಶ್ ಮರದ ಬುಡ, ಬೇರಿಗೆ ತಿರುಗೋ ಜಾಗದಿಂದ ಕೊಯ್ದದ್ದು, ಮರದ ಎಳೆ ಬಾಗಿನ ಜೊತೆಗೇ ಬಾಗಿದೆ ಅಂತ ಬೆರಳಿಟ್ಟು ತೋರಿಸಿದರು. ಈಗಿನವಕ್ಕಿಂತ ತುದಿ ಬಹಳ ಕಿರಿದು, ಆದ್ದರಿಂದ ಹಳೇದು. ಅದಕ್ಕಿಂತ ಜಾಸ್ತಿ ಹೇಳೋಕಾಗಲ್ಲ ಅಂದರು. ಮುರಿದ ಕಡೆ ಭೂತಗನ್ನಡಿ ಇಟ್ಟು ಉಂಗುರ ಎಣಿಸಿದೆ, ಇಪ್ಪತ್ತೆಂಟೋ ಮೂವತ್ತೋ. ವರ್ಷ ತಿಳಿಯೋಕೆ ಅದು ಏನೂ ಉಪಯೋಗಕ್ಕೆ ಬರಲಿಲ್ಲ. ಆದರೂ ಒಂದು ಭಾನುವಾರ ಚೆನ್ನಾಗಿ ಕಳೀತು.

ಚಿಕ್ಕಮಾವನ ಬಾಯಿ ಕಟ್ಟಿದ್ದು ಒಂದು ಹುಡುಗಿ. ದಂಪತಿಯ ಮೊದಲ ಮಗಳು, 1889ರಲ್ಲಿ ಹುಟ್ಟಿದವಳು, 1901ರ ಜನಗಣತಿಯಲ್ಲಿ ಮನೆಯಲ್ಲಿಲ್ಲ. ಚಿಕ್ಕವಳಿದ್ದಾಗಲೇ ತೀರಿಕೊಂಡಳು ಅಂತ ವರದಿಯಲ್ಲಿತ್ತು. ಹೋದ ಚಳಿಗಾಲ 1911ರ ಹಾಳೆಯನ್ನು ಮತ್ತೆ ನೋಡುತ್ತಿದ್ದೆ. ಹುಟ್ಟಿದ ಮಕ್ಕಳು 8, ಬದುಕಿರುವವರು 8. ಅಷ್ಟು ವರ್ಷ ಆ ಹಾಳೆ ಎಲ್ಲರ ಕಣ್ಣ ಮುಂದೆ ಇತ್ತು! ಹಾಗಾದರೆ 1901ರ ಮಾರ್ಚ್ 31ರ ರಾತ್ರಿ ಆ ಮಗು ಎಲ್ಲಿತ್ತು? ಮದುವೆ ದಾಖಲೆಯಲ್ಲಿದ್ದ ಹುಡುಗನ ಊರಿನ ಹಾಳೆ ತೆಗೆದೆ. ಅಜ್ಜ, ಅಜ್ಜಿ, ಚಿಕ್ಕಪ್ಪ, ಕೊನೆಯ ಸಾಲಿನಲ್ಲಿ ಮೊಮ್ಮಗಳು, 11 ವರ್ಷ, ಅದೇ ಹೆಸರು. ಮಗು ಅಪ್ಪನ ತವರಿನಲ್ಲಿ ಬೆಳೀತಿತ್ತು. ಸ್ಕ್ರೀನ್‌ಶಾಟ್ ಕಳಿಸಿದೆ, ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಮೂರು ವಾರ ಬಿಟ್ಟು ಬಂದದ್ದೇ ಆ ಫೋನ್.

ಮುತ್ತಜ್ಜ ಹುಟ್ಟಿದ ಸರಿಯಾದ ಹೊಲ ಸಿಕ್ಕಿದ ಮೇಲೆ ಇನ್ನೊಂದು ತಲೆಮಾರು ಹಿಂದೆ ಹೋದೆ. ಅಲ್ಲೂ ಎಂಟು ತಿಂಗಳು ದಂಡವಾಯಿತು. ಟೈದ್ ಪುಸ್ತಕದಲ್ಲಿ (ಚರ್ಚಿಗೆ ಕೊಡಬೇಕಿದ್ದ ತೆರಿಗೆಯ ಪಟ್ಟಿ, ಗ್ರಿಫಿತ್‌ಗಿಂತ ಹಳೇದು) 18 ಎಕರೆ, ಗ್ರಿಫಿತ್‌ನಲ್ಲಿ 29 ಎಕರೆ 26 ಪರ್ಚ್. ಬೇರೆ ಹೊಲ ಅಂತ ಬಿಟ್ಟುಬಿಟ್ಟೆ. ಆಮೇಲೆ ಹೊಳೆಯಿತು, ಟೈದ್‌ನದ್ದು ಐರಿಷ್ ಎಕರೆ, 1.62ರಿಂದ ಗುಣಿಸಬೇಕು. ಗುಣಿಸಿದರೆ 29.16. ಒಂದು ಗುಂಟೆಗೆ ನಾಲ್ಕು ಪರ್ಚ್, ಅಂದರೆ 29 ಎಕರೆ ಆರೂವರೆ ಗುಂಟೆ. ಸರಿಯಾಗಿ ಕೂತಿತು. ಗುಂಟೆ ಲೆಕ್ಕದಲ್ಲಿ ಬೆಳೆದ ನಮಗೆ ಇದು ಬೇಗ ಬರುತ್ತೆ, ಇಲ್ಲಿಯವರು ರೂಡ್, ಪರ್ಚ್ ನೋಡಿದರೆ ಪುಟ ತಿರುಗಿಸುತ್ತಾರೆ.

ಆ ಹೊಲದ ಅಜ್ಜನಿಗೆ, ಅಂದರೆ ಮುತ್ತಜ್ಜನ ಅಪ್ಪನಿಗೆ, 1901ರಲ್ಲಿ 60 ವರ್ಷ, 1911ರಲ್ಲಿ 75. 1908ರ ಪಿಂಚಣಿ ಕಾಯ್ದೆ 70 ತುಂಬಿದವರಿಗೆ ಪಿಂಚಣಿ ಕೊಟ್ಟಿತು, ಹಾಗಾಗಿ 1911ಕ್ಕೆ ಎಷ್ಟೋ ಜನರ ವಯಸ್ಸು ಹೀಗೆ ಹಾರಿದೆ. ಅದೇ ಪಿಂಚಣಿಗಾಗಿ ಅವರು ವಯಸ್ಸಿನ ಪುರಾವೆ ಕೇಳಿ ಅರ್ಜಿ ಹಾಕಿದ್ದರು. ಗುಮಾಸ್ತ 1851ರ ಜನಗಣತಿ ತೆಗೆದು ನೋಡಿ, ಅಪ್ಪ ಅಮ್ಮನ ಹೆಸರು, ಹುಡುಗನ ವಯಸ್ಸು 14 ಅಂತ ಅರ್ಜಿಯ ಮೇಲೇ ಬರೆದಿದ್ದಾನೆ. ಆ ಜನಗಣತಿ 1922ರಲ್ಲಿ ದಾಖಲೆ ಕಚೇರಿಯಿದ್ದ ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿ ಸುಟ್ಟುಹೋಯಿತು. ಈ ಮನೆಯ ಎರಡು ಸಾಲು ಮಾತ್ರ ಒಬ್ಬ ಗುಮಾಸ್ತನ ಕೈಬರಹದಲ್ಲಿ ಉಳಿದಿದೆ. ನಾನು ಅದನ್ನು ದಿನಾ ಒಂದು ಸಲ ತೆಗೆದು ನೋಡುತ್ತೇನೆ.

ಒಟ್ಟು ಖರ್ಚು, ಡಬ್ಲಿನ್‌ಗೆ ಐದು ಸಲ ಹೋದ ರೈಲು ಚಾರ್ಜು ಸೇರಿ, 500 ಯೂರೋ ದಾಟಿರಬಹುದು. ನಿಜವಾಗಿ ಉತ್ತರ ಕೊಟ್ಟ ಕೆಲಸಕ್ಕೆ 50 ಕೂಡ ಆಗಿಲ್ಲ.

ಈಗ ಚಿಕ್ಕಮಾವ ಅವರ ಹೆಂಡತಿ ಮನೆಯ ಡ್ವಯರ್‌ಗಳನ್ನು ಹಿಡಿದಿದ್ದಾರೆ. ಮೊನ್ನೆ ಮನೆಗೆ ಬಂದಾಗ ಜೇಬಿನಿಂದ ಒಂದು ಹಾಳೆ ತೆಗೆದರು. ನಡುವೆ ಚೌಕ ಬರೆದು, ಮೂರು ಕಡೆ ಅಕ್ಕಪಕ್ಕದವರ ಹೆಸರು ತುಂಬಿದ್ದರು. ನಾಲ್ಕನೆಯದು ಯಾರದ್ದು ಅಂತ ಇಬ್ಬರೂ ರಾತ್ರಿ ಹನ್ನೊಂದರ ತನಕ ನಕ್ಷೆ ನೋಡಿದೆವು.