ಕಾರೇ ಸ್ಟೇಷನ್: ವಿಎಚ್‌ಎಫ್ ಕಾಂಟೆಸ್ಟ್‌ನಲ್ಲಿ ರೋವರ್ ಆಗುವುದು ಹೇಗೆ

ಅಮೆರಿಕದ ಹ್ಯಾಮ್ (ಹವ್ಯಾಸಿ ರೇಡಿಯೋ) ಸಂಘ ಎಆರ್‌ಆರ್‌ಎಲ್ ವರ್ಷಕ್ಕೆ ಮೂರು ಸಲ, ಜನವರಿ, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ, 50 ಮೆಗಾಹರ್ಟ್ಸ್ ಮತ್ತು ಮೇಲಿನ ಬ್ಯಾಂಡ್‌ಗಳ (ಆವರ್ತನ ಪಟ್ಟಿಗಳ) ವಿಎಚ್‌ಎಫ್ ಕಾಂಟೆಸ್ಟ್ ನಡೆಸುತ್ತದೆ. ಗೊತ್ತಾದ ಹೊತ್ತಿನೊಳಗೆ ಆದಷ್ಟು ಹೆಚ್ಚು ಸ್ಟೇಷನ್‌ಗಳನ್ನು ರೇಡಿಯೋದಲ್ಲಿ ಮಾತಾಡಿಸುವ ಪಂದ್ಯ ಅದು. ರೇಡಿಯೋ, ಆಂಟೆನಾ, ಬ್ಯಾಟರಿ ಎಲ್ಲವನ್ನೂ ಒಂದೇ ವಾಹನಕ್ಕೆ ಹೇರಿಕೊಂಡು ಊರೂರು ಸುತ್ತುತ್ತ ಆಡುವವರಿಗೆ ಅದರಲ್ಲಿ ರೋವರ್ ಎಂಬ ಪ್ರತ್ಯೇಕ ವರ್ಗವಿದೆ. ಮನೆ ಮೇಲೆ ಒಂದು ತಂತಿ ಎಳೆಯುವುದಕ್ಕೂ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಬಿಡದ ಕಡೆ ಇರುವವರಿಗೆ, ಅಂದರೆ ಅಲ್ಲಿರುವ ನಮ್ಮವರಲ್ಲಿ ಬಹಳಷ್ಟು ಮಂದಿಗೆ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಲೈಸೆನ್ಸ್ ವಿಷಯ ಸುಲಭ. ಎಫ್‌ಸಿಸಿಯ (ಅಮೆರಿಕದ ಸಂವಹನ ನಿಯಂತ್ರಣ ಆಯೋಗದ) ಮೊದಲ ಹಂತದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಾದರೆ ಪಾಸು. ಪೌರತ್ವ ಬೇಕಿಲ್ಲ, ಅಮೆರಿಕದ ಅಂಚೆ ವಿಳಾಸ ಬೇಕು. 50 ಮೆಗಾಹರ್ಟ್ಸ್‌ನಿಂದ ಮೇಲಿನ ಎಲ್ಲ ಹ್ಯಾಮ್ ಬ್ಯಾಂಡ್‌ಗಳೂ ಟೆಕ್ನಿಷಿಯನ್‌ಗೆ ತೆರೆದಿರುತ್ತವೆ. ಈ ಕಾಂಟೆಸ್ಟ್‌ಗೆ ಅಷ್ಟು ಸಾಕು.

ಲೆಕ್ಕ ಮೊದಲು, ಸಾಮಾನು ಆಮೇಲೆ

ಭೂಮಿಯನ್ನು ರೇಖಾಂಶದಲ್ಲಿ 2 ಡಿಗ್ರಿ, ಅಕ್ಷಾಂಶದಲ್ಲಿ 1 ಡಿಗ್ರಿಯ ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಎರಡು ಅಕ್ಷರ, ಎರಡು ಅಂಕಿಯ ಹೆಸರಿಟ್ಟಿದ್ದಾರೆ. ಇವೇ ಗ್ರಿಡ್‌ಗಳು. ಬೆಂಗಳೂರನ್ನೇ ನೋಡಿ: 13 ಡಿಗ್ರಿ ಅಕ್ಷಾಂಶ ಊರಿನ ನಡುವೆಯೇ ಹಾಯುವುದರಿಂದ ಜಯನಗರ ಎಂಕೆ82ರಲ್ಲಿ, ಹೆಬ್ಬಾಳ ಎಂಕೆ83ರಲ್ಲಿ. ಅಮೆರಿಕದಲ್ಲಿ 40 ಡಿಗ್ರಿ ಅಕ್ಷಾಂಶದ ಸುತ್ತ ಒಂದು ಗ್ರಿಡ್ ಸುಮಾರು 170 ಕಿಲೋಮೀಟರ್ ಅಗಲ, 111 ಕಿಲೋಮೀಟರ್ ಎತ್ತರ. ಕಾಂಟೆಸ್ಟ್‌ನಲ್ಲಿ ವಿನಿಮಯವಾಗುವುದು ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಮತ್ತು ಗ್ರಿಡ್, ಅಷ್ಟೇ.

ಜೂನ್ ಕಾಂಟೆಸ್ಟ್‌ನಲ್ಲಿ 50 ಮತ್ತು 144 ಮೆಗಾಹರ್ಟ್ಸ್‌ನ ಸಂಪರ್ಕಕ್ಕೆ ತಲಾ 1 ಅಂಕ, 222 ಮತ್ತು 432ಕ್ಕೆ 2, 902 ಮತ್ತು 1296ಕ್ಕೆ 3, ಅದರ ಮೇಲಿನವಕ್ಕೆ 4. ಒಟ್ಟು ಅಂಕವನ್ನು ಗುಣಕದಿಂದ ಗುಣಿಸಬೇಕು. ಒಂದೊಂದು ಬ್ಯಾಂಡ್‌ನಲ್ಲಿ ಸಿಕ್ಕ ಬೇರೆ ಬೇರೆ ಗ್ರಿಡ್‌ಗಳ ಸಂಖ್ಯೆ ಗುಣಕ. ರೋವರ್‌ಗೆ ಅದರ ಮೇಲೆ, ತಾನು ನಿಂತು ಸಂಪರ್ಕ ಮಾಡಿದ ಪ್ರತಿ ಗ್ರಿಡ್‌ಗೆ ಇನ್ನೊಂದೊಂದು. ಹೊಸ ಗ್ರಿಡ್‌ಗೆ ಕಾಲಿಟ್ಟ ಕೂಡಲೇ ಹಿಂದೆ ಮಾತಾಡಿಸಿದ ಸ್ಟೇಷನ್‌ಗಳನ್ನೆಲ್ಲ ಮತ್ತೆ ಮಾತಾಡಿಸಬಹುದು ಎಂಬುದು ಮುಖ್ಯ.

ಒಂದು ಗ್ರಿಡ್‌ನಿಂದ 20 ಸ್ಟೇಷನ್‌ಗಳನ್ನು ನಾಲ್ಕು ಬ್ಯಾಂಡ್‌ನಲ್ಲೂ ಹಿಡಿದಿರಿ ಅನ್ನಿ. ಅವು 8 ಗ್ರಿಡ್‌ಗಳಲ್ಲಿ ಹರಡಿವೆ. ಅಂಕ 120, ಗುಣಕ 32ಕ್ಕೆ 1 ಸೇರಿ 33, ಸ್ಕೋರು 3,960. ಅದೇ 20 ಜನರನ್ನೇ ನಾಲ್ಕು ಗ್ರಿಡ್‌ಗಳಿಂದ ಮಾತಾಡಿಸಿದರೆ ಅಂಕ 480, ಗುಣಕ 36, ಸ್ಕೋರು 17,280. ಹೊಸಬರು ಒಬ್ಬರೂ ಸಿಗದೆ ಸ್ಕೋರು ನಾಲ್ಕು ಪಟ್ಟು ದಾಟಿತು. ಆದ್ದರಿಂದ ಹಣವಿದ್ದರೆ ಮೊದಲು ಆಂಪ್ಲಿಫೈಯರ್ ಕೊಳ್ಳಬೇಡಿ. ಒಂದು ಬ್ಯಾಂಡ್ ಸೇರಿಸಿ, ಒಂದು ಗ್ರಿಡ್ ಸೇರಿಸಿ.

ಮೊದಲ ವರ್ಷಕ್ಕೆ ಲಿಮಿಟೆಡ್ ರೋವರ್ ವರ್ಗ ಸರಿ: 50, 144, 222, 432 ನಾಲ್ಕೇ ಬ್ಯಾಂಡ್; ಮೊದಲೆರಡರಲ್ಲಿ 200 ವಾಟ್, ಉಳಿದೆರಡರಲ್ಲಿ 100 ವಾಟ್ ಮಿತಿ. ಆಪರೇಟರ್‌ಗಳು ಹೆಚ್ಚೆಂದರೆ ಇಬ್ಬರು. ಐಕಾಮ್ 7100, ಯೇಸು (Yaesu) ಕಂಪನಿಯ 991ಎ ತರಹದ ಒಂದೇ ಪೆಟ್ಟಿಗೆಯಲ್ಲಿ 50, 144, 432 ಮೂರೂ ಸಿಗುತ್ತವೆ. 222ಕ್ಕೆ ಸಾಮಾನ್ಯವಾಗಿ ಟ್ರಾನ್ಸ್‌ವರ್ಟರ್ (ಒಂದು ಬ್ಯಾಂಡಿನ ಸಿಗ್ನಲ್ಲನ್ನು ಇನ್ನೊಂದಕ್ಕೆ ಬದಲಿಸುವ ಪೆಟ್ಟಿಗೆ) ಬೇಕು. ಹೊಸಬರು ಸುಟ್ಟುಕೊಳ್ಳುವುದು ಇಲ್ಲೇ. ಟ್ರಾನ್ಸ್‌ವರ್ಟರ್‌ಗೆ 28 ಮೆಗಾಹರ್ಟ್ಸ್‌ನಲ್ಲಿ ಕೆಲವೇ ವಾಟ್ ಅಥವಾ ಅದಕ್ಕಿಂತ ಕಡಿಮೆ ಕೊಡಬೇಕು. ರಿಗ್ (ರೇಡಿಯೋ) 100 ವಾಟ್‌ನಲ್ಲೇ ಉಳಿದಿದ್ದರೆ ಮೊದಲ ಒತ್ತಿಗೇ ಹೊಗೆ. ಅದಕ್ಕೆ ಬೇರೆಯದೇ ಸಣ್ಣ ರಿಗ್ ಇಡುವುದು ಕ್ಷೇಮ.

ಛಾವಣಿಯ ಮೇಲೆ

ಎಸ್‌ಎಸ್‌ಬಿ (ದೂರದ ಮಾತಿಗೆ ಬಳಸುವ ಧ್ವನಿ ವಿಧಾನ), ಮೋರ್ಸ್, ಎಫ್‌ಟಿ8 (ಕಂಪ್ಯೂಟರ್ ಮೂಲಕ ಕಳಿಸುವ ಡಿಜಿಟಲ್ ವಿಧಾನ) ಎಲ್ಲದಕ್ಕೂ ವಿಎಚ್‌ಎಫ್‌ನಲ್ಲಿ ಆಂಟೆನಾ ಅಡ್ಡ ಇರಬೇಕು. ಎಫ್‌ಎಂಗೆ ಮಾತ್ರ ನೆಟ್ಟಗೆ. ಮ್ಯಾಗ್ನೆಟ್ ಮೌಂಟ್ ಮೇಲಿನ ನೆಟ್ಟಗಿನ ಕಡ್ಡಿಯಿಂದ 144.200ರಲ್ಲಿ ಕೂಗಿದರೆ ಸುಮಾರು 20 ಡೆಸಿಬೆಲ್ ಹೋಯಿತು. ಕಳಿಸಿದ 100 ವಾಟ್ ಆಚೆಯವರಿಗೆ 1 ವಾಟ್‌ನಂತೆ ಕೇಳುತ್ತದೆ.

ಓಡುತ್ತಲೇ ಆಡಲು ಹ್ಯಾಲೋ ಲೂಪ್‌ಗಳು ಬೇಕು: ಅಡ್ಡ ಧ್ರುವೀಕರಣ, ಎಲ್ಲ ದಿಕ್ಕಿಗೂ ಒಂದೇ ಸಮ. ಲೋಹದ ಛಾವಣಿಗೆ ಅಂಟಿಸಿದರೆ ಸಿಗ್ನಲ್ ಆಕಾಶಕ್ಕೆ ಹೋಗುತ್ತದೆ. 144ರ ಲೂಪ್ ಛಾವಣಿಯಿಂದ 1 ಮೀಟರ್, 50ರದು ಒಂದೂವರೆ ಮೀಟರ್ ಮೇಲಿರಲಿ. ನಿಂತು ಆಡಲು ಯಾಗಿ (ಕಡ್ಡಿಗಳನ್ನು, ಅಂದರೆ ಎಲಿಮೆಂಟ್‌ಗಳನ್ನು, ಸಾಲಾಗಿ ಜೋಡಿಸಿ ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ): 144ಕ್ಕೆ 5–6 ಎಲಿಮೆಂಟ್, 432ಕ್ಕೆ 10ರ ಆಸುಪಾಸು. ಹಿಂಬದಿಯ 2 ಇಂಚಿನ ಹಿಚ್ ರಿಸೀವರ್‌ಗೆ (ಟ್ರೈಲರ್ ಸಿಕ್ಕಿಸುವ ಕಿಂಡಿಗೆ) ಕೊಳವೆ ನಿಲ್ಲಿಸಿ ಕೈಯಿಂದಲೇ ತಿರುಗಿಸಿದರೆ ಸಾಕು, ರೋಟೇಟರ್ ದುಬಾರಿ ಶೋಕಿ.

50ರ ಯಾಗಿಯ ಎಲಿಮೆಂಟ್ ಸುಮಾರು 2.9 ಮೀಟರ್ ಉದ್ದ. ರಸ್ತೆಯಲ್ಲಿ ವಾಹನದ ಅಗಲಕ್ಕಿರುವ ಮಿತಿ 102 ಇಂಚು, ಅಂದರೆ 2.6 ಮೀಟರ್. ಓಡುವಾಗ ಅದನ್ನು ಕಾರಿಗೆ ಅಡ್ಡಲಾಗಿ ಇಡುವಂತಿಲ್ಲ. ಬಿಚ್ಚಿ ಛಾವಣಿಗೆ ಕಟ್ಟಿ, ಇಲ್ಲವೇ ಎಲಿಮೆಂಟ್‌ಗಳು ಕಾರಿನ ಉದ್ದಕ್ಕೆ ಬರುವಂತೆ ತಿರುಗಿಸಿ ಬಿಗಿಯಿರಿ. ಎತ್ತರದ ಮಿತಿ ಹಲವು ರಾಜ್ಯಗಳಲ್ಲಿ 13 ಅಡಿ 6 ಇಂಚು, ಆದರೂ 12 ಅಡಿ ದಾಟಬೇಡಿ. ಎತ್ತರವನ್ನು ಅಳೆದು ಚೀಟಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ. ಸೇತುವೆಗಳಿಗಿಂತ ದೊಡ್ಡ ಶತ್ರು ಹೋಟೆಲ್ಲಿನ ಪೋರ್ಟಿಕೋ ಮತ್ತು ಪೆಟ್ರೋಲ್ ಬಂಕಿನ ಸೂರು. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಒಳಗೆ ನುಗ್ಗಿದಾಗಲೇ ಆಂಟೆನಾ ಮುರಿಯುವುದು.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30 ಮೈಲಿ ವೇಗದಲ್ಲಿ ಗಟ್ಟಿಯಾಗಿದ್ದದ್ದು 60ರಲ್ಲಿ ನಾಲ್ಕು ಪಟ್ಟು ತಳ್ಳಿಸಿಕೊಳ್ಳುತ್ತದೆ. ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ, ಮಾಸ್ಟ್‌ನ ತುದಿಯಿಂದ ಮುಂದಕ್ಕೂ ಹಿಂದಕ್ಕೂ ಹಗ್ಗ ಬಿಗಿಯಿರಿ, ಹೆದ್ದಾರಿಯಲ್ಲಿ ಮೊದಲ 10 ಮೈಲಿ ಆದಮೇಲೆ ನಿಲ್ಲಿಸಿ ಎಲ್ಲವನ್ನೂ ಮತ್ತೊಮ್ಮೆ ತಿರುಪಿ ನೋಡಿ. ಕೇಬಲ್ ಚಿಕ್ಕದಾಗಿರಲಿ. 432ರಲ್ಲಿ 5 ಮೀಟರ್ ಆರ್‌ಜಿ-58 ಮೂರನೇ ಒಂದು ಭಾಗ ಶಕ್ತಿಯನ್ನು ನುಂಗುತ್ತದೆ. ಅಷ್ಟೇ ಉದ್ದದ ಎಲ್‌ಎಂಆರ್-400 ನುಂಗುವುದು ಹತ್ತರಲ್ಲಿ ಒಂದು ಭಾಗ. 222ರಿಂದ ಮೇಲೆ ಎನ್ ಕನೆಕ್ಟರ್ ಬಳಸಿ, ಪಿಎಲ್-259 ಅಲುಗಾಟಕ್ಕೆ ಸಡಿಲವಾಗುತ್ತದೆ.

ಕರೆಂಟು

100 ವಾಟಿನ ರಿಗ್ ಸುಮಾರು 22 ಆಂಪಿಯರ್ ಎಳೆಯುತ್ತದೆ, 11.7 ವೋಲ್ಟ್‌ಗಿಂತ ಕೆಳಗೆ ಧ್ವನಿ ಒಡೆಯುತ್ತದೆ. ಬಾನೆಟ್‌ನಿಂದ ಸೀಟಿಗೆ 5 ಮೀಟರ್, ಹೋಗಿ ಬರುವುದು 10 ಮೀಟರ್. 12 ಗೇಜ್ ತಂತಿಯಾದರೆ ಅದರಲ್ಲೇ 1.15 ವೋಲ್ಟ್ ಬೀಳುತ್ತದೆ, 8 ಗೇಜ್ ಆದರೆ 0.45. ಎಂಜಿನ್ ಆರಿಸಿ, ಭಾರದಲ್ಲಿ 12.2 ತೋರುವ ಬ್ಯಾಟರಿಯಿಂದ ಆಡುವಾಗ ಸ್ಟೇಷನ್ ಉಳಿಯುವುದು ಸಾಯುವುದು ಈ ವ್ಯತ್ಯಾಸದಲ್ಲೇ. ಪಾಸಿಟಿವ್‌ಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿ. ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಇರುವ ಹೊಸ ಕಾರಾದರೆ ನೆಗೆಟಿವ್ ತಂತಿಯನ್ನು ಅಲ್ಲಿಗೆ ಜೋಡಿಸದೆ, ಕಾರಿನ ಬ್ಯಾಟರಿ ತಂತಿ ಮೈಗೆ ಸೇರುವ ಬೋಲ್ಟ್‌ಗೆ ಸೇರಿಸಿ.

ಇದಕ್ಕಿಂತ ನೆಮ್ಮದಿ, 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಹಿಂದಿನ ಸೀಟಿನ ಕೆಳಗೆ ಕಟ್ಟಿಡುವುದು. ಕಾಲು ಭಾಗ ಸಮಯ ಮಾತಾಡಿದರೆ ಸರಾಸರಿ 6–7 ಆಂಪಿಯರ್, 15 ಗಂಟೆ ಬರುತ್ತದೆ. ಎಫ್‌ಟಿ8ರಲ್ಲಿ ಅರ್ಧ ಸಮಯ ಟ್ರಾನ್ಸ್‌ಮಿಟ್ ಆಗುವುದರಿಂದ 8 ಗಂಟೆಗೇ ಖಾಲಿ. ಓಡುವಾಗ ತುಂಬಿಸಲು 20–30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇರಲಿ. ಅದು ಗದ್ದಲ ಎಬ್ಬಿಸುತ್ತದೆ, ದುರ್ಬಲ ಸಿಗ್ನಲ್ ಕೇಳುವಾಗ ಆರಿಸಲು ಒಂದು ಸ್ವಿಚ್ ಬೇಕೇ ಬೇಕು.

ಗದ್ದಲ ಬಂದರೆ ಎಂಜಿನ್ನನ್ನೇ ಬೈಯುವುದು ರೂಢಿ. ವಿಎಚ್‌ಎಫ್‌ನಲ್ಲಿ ಬಹಳ ಸಲ ನಿಜವಾದ ಕಳ್ಳ ಡ್ಯಾಶ್‌ಕ್ಯಾಮ್, ಇಲ್ಲದಿದ್ದರೆ ಯುಎಸ್‌ಬಿ ಚಾರ್ಜರ್. ಒಂದೊಂದಾಗಿ ಪ್ಲಗ್ ಕಿತ್ತು ನೋಡಿ, ಉಳಿದದ್ದಕ್ಕೆ ಟೈಪ್ 43 ಫೆರೈಟ್ (ತಂತಿಯ ಗದ್ದಲ ತಡೆಯುವ ಉಂಗುರ) ಸಿಕ್ಕಿಸಿ. ಸ್ಥಳ ಸಾರಲು 144.390ರಲ್ಲಿ ಎಪಿಆರ್‌ಎಸ್ ಟ್ರಾನ್ಸ್‌ಮಿಟರ್ ಇಟ್ಟರೆ ಅದು ಕೂಗಿದಾಗಲೆಲ್ಲ ನಿಮ್ಮ 144ರ ರಿಸೀವರ್ ಕಿವುಡಾಗುತ್ತದೆ. ಮೊಬೈಲ್ ಆ್ಯಪಿನಿಂದ ಅಂತರ್ಜಾಲದ ಮೂಲಕ ಕಳಿಸಿ. ನೀವು ಎಲ್ಲಿದ್ದೀರಿ ಎಂದು ನಕ್ಷೆಯಲ್ಲಿ ನೋಡಿ ಜನ ಆಂಟೆನಾ ತಿರುಗಿಸುತ್ತಾರೆ.

ದಾರಿ

ಜೂನ್ ಕಾಂಟೆಸ್ಟ್ ಶನಿವಾರ 1800 ಯುಟಿಸಿಗೆ (ಜಾಗತಿಕ ಸಮಯ) ಶುರುವಾಗಿ ಸೋಮವಾರ 0259ಕ್ಕೆ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಶನಿವಾರ ಬೆಳಿಗ್ಗೆ 11ರಿಂದ ಭಾನುವಾರ ರಾತ್ರಿ 8ರವರೆಗೆ. 33 ಗಂಟೆ ಎಂದು ಹಿಗ್ಗಬೇಡಿ. ಎದುರಿನವರೂ ಮಲಗುತ್ತಾರೆ, ನೀವೂ ಮಲಗಬೇಕು.

ಮೊದಲು ಗ್ರಿಡ್ ಗೆರೆಗಳನ್ನು ನಕ್ಷೆಯ ಮೇಲೆ ಎಳೆಯಿರಿ. ಸಿಲಿಕಾನ್ ವ್ಯಾಲಿಯಲ್ಲಿ 122 ಡಿಗ್ರಿ ರೇಖಾಂಶ ಲಾರೆನ್ಸ್ ಎಕ್ಸ್‌ಪ್ರೆಸ್‌ವೇಗೆ ಹೆಚ್ಚುಕಡಿಮೆ ಅಂಟಿಕೊಂಡೇ ಹೋಗುತ್ತದೆ: ಕ್ಯೂಪರ್ಟಿನೋ ಸಿಎಂ87, ಸ್ಯಾನ್ ಹೋಸೆ ಸಿಎಂ97. ದಿನಸಿಗೆ ಹೋಗಿ ಬರುವಷ್ಟರಲ್ಲಿ ಎರಡು ಗ್ರಿಡ್. ಉತ್ತರಕ್ಕೆ ಕಾಂಕರ್ಡ್ ಬಳಿ 38 ಮತ್ತು 122 ಡಿಗ್ರಿ ಗೆರೆಗಳು ಕೂಡುವ ಮೂಲೆಯಲ್ಲಿ ಸಿಎಂ87, 88, 97, 98 ನಾಲ್ಕೂ ಮುಟ್ಟುತ್ತವೆ. ಪೂರ್ವ ಕರಾವಳಿಯಲ್ಲಿ ಅಂಥದ್ದೇ ಮೂಲೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಗ್ಯಾಪ್ ಎಂಬ ಊರಿನ ಹತ್ತಿರ, ಆಮಿಷ್ ಜನರ ಕುದುರೆಗಾಡಿಗಳ ನಡುವೆ. ನಮ್ಮಲ್ಲಿ ಹೋಲಿಕೆ ಬೇಕಾದರೆ ಹಾಸನದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಎಂಕೆ72, 73, 82, 83 ಕೂಡುತ್ತವೆ.

ಮೂಲೆ ಸಿಕ್ಕಿತೆಂದು ಅಲ್ಲೇ ಸುತ್ತಬೇಡಿ. ಕಾಂಕರ್ಡ್ ಮೂಲೆ ತಗ್ಗಿನಲ್ಲಿದೆ. ಅದರ ಪಕ್ಕದ ಮೌಂಟ್ ಡಯಾಬ್ಲೋ 1,173 ಮೀಟರ್, ಸಿಎಂ97ರಲ್ಲಿ. ಬೆಟ್ಟದ ಮೇಲೆ ಎರಡು ಗಂಟೆ ಆಡಿದರೆ ಮೂಲೆಯಲ್ಲಿ ದಿನವಿಡೀ ಆಡಿದ್ದಕ್ಕಿಂತ ದೂರದವರು ಸಿಗುತ್ತಾರೆ. ಆದರೆ ಪಾರ್ಕಿನ ಗೇಟು ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಬೆಟ್ಟವನ್ನು ಹಗಲಿಗೆ, ಮೂಲೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಸಿಎಂ87ಕ್ಕೆ ಸ್ಕೈಲೈನ್ ಬುಲೆವಾರ್ಡ್ ಒಳ್ಳೆಯದು, ಸ್ಯಾರಟೋಗಾ ಗ್ಯಾಪ್ ಬಳಿ 800 ಮೀಟರ್ ಎತ್ತರವಿದೆ. ಪ್ರತಿ ನಿಲ್ದಾಣವನ್ನೂ ಮೊದಲೇ ಹೋಗಿ ನೋಡಿ: ಯಾವ ದಿಕ್ಕು ತೆರೆದಿದೆ, ಟವರ್‌ಗಳ ಗದ್ದಲ ಎಷ್ಟು, ಕಾರು ನಿಲ್ಲಿಸಲು ಬಿಡುತ್ತಾರೋ ಇಲ್ಲವೋ. ಗೆರೆಯ ಮೇಲೆ ನಿಲ್ಲದೆ ಜಿಪಿಎಸ್ ನೋಡಿ ಕನಿಷ್ಠ 200 ಮೀಟರ್ ಒಳಗೆ ಹೋಗಿ, ತಕರಾರಿಗೆ ಎಡೆ ಇರುವುದಿಲ್ಲ.

ಯಾವಾಗ ಹೊರಡಬೇಕು? ಹತ್ತು ನಿಮಿಷ ಕೂಗಿ ಹೊಸಬರು ಒಬ್ಬರೂ ಬರದಿದ್ದರೆ ಗಾಡಿ ತೆಗೆಯಿರಿ. ಇದಕ್ಕೊಂದು ಅಪವಾದವುಂಟು. ಜೂನ್‌ನಲ್ಲಿ ಮಧ್ಯಾಹ್ನಕ್ಕೆ ಮುಂಚೆ ಮತ್ತು ಸಂಜೆ 50 ಮೆಗಾಹರ್ಟ್ಸ್ ಸ್ಪೊರಾಡಿಕ್-ಇ ಪದರದಿಂದ (ಮೇಲಿನ ವಾತಾವರಣದಲ್ಲಿ ಆಗಾಗ ಮೂಡಿ ಅಲೆಗಳನ್ನು ಕೆಳಕ್ಕೆ ಹಿಂದಿರುಗಿಸುವ ಪದರ) 1,500–2,000 ಕಿಲೋಮೀಟರ್ ದೂರಕ್ಕೆ ತೆರೆದುಕೊಳ್ಳುವುದು ಸಾಮಾನ್ಯ. ಆಗ ಸಿಗ್ನಲ್ ಎಷ್ಟು ಜೋರೆಂದರೆ ಛಾವಣಿಯ ಲೂಪೇ ಸಾಕು. ಹಾಗಾಗಿ ಅದು ತೆರೆದಾಗ ಓಡಿ, ಓಡುತ್ತಲೇ ಗುಣಕ ಕೂಡಿಸಿ. ಬೆಳಗಿನ ತಂಪಿನಲ್ಲಿ 144 ಮತ್ತು 432 ದೂರ ಹೋಗುವ ಹೊತ್ತಿಗೆ ಮಾತ್ರ ಬೆಟ್ಟದ ಮೇಲೆ ಯಾಗಿ ಬಿಚ್ಚಿ ಕುಳಿತಿರಬೇಕು.

ಗಾಳಿಯಲ್ಲಿ

ಕಾಲ್‌ಸೈನ್ ಹಿಂದೆ ಸ್ಲ್ಯಾಶ್ ಆರ್. ಮಾತಿನಲ್ಲಾದರೆ "ರೋವರ್" ಎಂದು ಸೇರಿಸಿ. 50.125, 144.200, 222.100, 432.100 ಕೂಗುವ ಜಾಗಗಳು. ಒಬ್ಬರು ಸಿಕ್ಕರೆ ಬಿಡಬೇಡಿ: "222 ಇದೆಯಾ, 432 ಇದೆಯಾ" ಎಂದು ಕೇಳಿ, ಅಲ್ಲೇ ಆವರ್ತನ ಗೊತ್ತು ಮಾಡಿ, ಎಲ್ಲ ಬ್ಯಾಂಡ್‌ಗೂ ಕರೆದೊಯ್ಯಿರಿ. ಎರಡು ನಿಮಿಷದಲ್ಲಿ 6 ಅಂಕ, ಮೂರು ನಾಲ್ಕು ಗುಣಕ. ಎಲ್ಲರೂ 50.313ರ ಎಫ್‌ಟಿ8ರಲ್ಲಿ ಬಿದ್ದಿರುವುದೇ ಈಗಿನ ಸಂಕಟ, ಅಲ್ಲಿಂದ ಯಾರನ್ನೂ ಇನ್ನೊಂದು ಬ್ಯಾಂಡಿಗೆ ಎಬ್ಬಿಸಲಾಗದು. ಅದನ್ನು ಖಾಲಿ ಹೊತ್ತಿಗೆ ಇಟ್ಟುಕೊಳ್ಳಿ. ಬಳಸುವುದಾದರೆ ಲ್ಯಾಪ್‌ಟಾಪಿನ ಗಡಿಯಾರ ಜಿಪಿಎಸ್‌ಗೆ ಹೊಂದಿರಲಿ, ಒಂದೆರಡು ಸೆಕೆಂಡ್ ತಪ್ಪಿದರೂ ಡಿಕೋಡ್ ಆಗುವುದಿಲ್ಲ.

ಚಾಲಕರು ಓಡಿಸಲಿ, ಪಕ್ಕದವರು ಹೆಡ್‌ಫೋನ್ ಹಾಕಿಕೊಂಡು ಆಡಲಿ, ಲಾಗ್ ಬರೆಯಲಿ. ಒಬ್ಬರೇ ಇದ್ದರೆ ನಿಂತೇ ಆಡಬೇಕು. ಇದರಲ್ಲಿ ರಾಜಿ ಇಲ್ಲ. ನಿಂತಾಗ 50ರಲ್ಲಿ 100–200 ವಾಟ್ ಹೋಗುವ ಯಾಗಿಯ ಮುಂದೆ ಕುತೂಹಲಿಗಳು ಬಂದರೆ ಒತ್ತುವುದನ್ನು ನಿಲ್ಲಿಸಿ.

ಗೆರೆ ದಾಟಿದ ಕ್ಷಣ ಎರಡು ಕೆಲಸ: ಸಂಪರ್ಕಗಳನ್ನು ದಾಖಲಿಸುವ ತಂತ್ರಾಂಶ ಎನ್1ಎಂಎಂ ಲಾಗರ್‌ನ ಕಾಲ್‌ಸೈನ್ ಕಿಂಡಿಯಲ್ಲಿ ರೋವರ್‌ಕ್ಯೂಟಿಎಚ್ (ROVERQTH) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಹೊಸ ಗ್ರಿಡ್ ಕೊಡಿ, ಎಫ್‌ಟಿ8 ತಂತ್ರಾಂಶದಲ್ಲೂ ನಿಮ್ಮ ಗ್ರಿಡ್ ಬದಲಿಸಿ. ಒಂದನ್ನು ಮರೆತರೂ ನಿಮ್ಮ ಲಾಗ್ ಎದುರಿನವರದಕ್ಕೆ ತಾಳೆಯಾಗುವುದಿಲ್ಲ. ಫೋನಿನಲ್ಲಿ ಜಿಪಿಎಸ್ ದಾರಿಯನ್ನು ಉದ್ದಕ್ಕೂ ದಾಖಲಿಸಿಕೊಳ್ಳಿ. ಲಾಗನ್ನು ಕ್ಯಾಬ್ರಿಲ್ಲೋ ಎಂಬ ಕಡತ ರೂಪದಲ್ಲಿ ಕಳಿಸುವ ಮುನ್ನ ಅದರಲ್ಲಿ ಪ್ರತಿ ಗ್ರಿಡ್ ಬದಲಾದ ಸಮಯವನ್ನು ಈ ದಾರಿಯ ಸಮಯದ ಪಕ್ಕ ಇಟ್ಟು ನೋಡಿ. ಗೆರೆ ದಾಟಿದ ಮೇಲಿನ ಮೊದಲ ಐದು ನಿಮಿಷದ ಸಾಲುಗಳಲ್ಲೇ ತಪ್ಪು ಇರುತ್ತದೆ.